ಸೀತಕ್ಕನ ಬೇರೆ ಒಲೆ

ಆಲಂಕಾರಿನ ಆಚೀಚೆ ಸೀತಕ್ಕನ ಬಗ್ಗೆ ಜನ ಹೇಳುತ್ತಿದ್ದ ಮಾತುಗಳನ್ನು ಒಟ್ಟು ಹಾಕಿದರೆ ಒಂದು ಇಡೀ ರಾತ್ರಿಯ ಯಕ್ಷಗಾನ ಆಟಕ್ಕೆ ಸಾಕಾದೀತು. ಸೀತಕ್ಕ ಸತ್ತರೆ ತನ್ನ ಹೆಣವನ್ನು ತಾನೇ ಹೊತ್ತುಕೊಂಡು ಹೋದಾಳು, ನಾಲ್ಕು ಜನರ ಉಪಕಾರ ಯಾಕೆ ಎಂದು, ಅಂತ ಬಸ್ಸಿಗೆ ಕಾಯುವವರು ಹೇಳುತ್ತಿದ್ದರು. ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನಲ್ಲಿ ಹೇಳುತ್ತಿದ್ದದ್ದು ಬೇರೆ. ಅವಳ ಕಟ್ಟಿನಲ್ಲಿ ಇಪ್ಪತ್ತೈದು ಬೀಡಿ ಎಂದರೆ ಇಪ್ಪತ್ತೈದೇ, ಒಂದನ್ನು ಹಾಳೆಂದು ತೆಗೆದು ಬಿಸಾಡುವುದಿದ್ದರೆ ಆ ದಿನದ ಬೇರೆ ಕೆಲಸವನ್ನೆಲ್ಲ ಬಿಟ್ಟು ಜಗಳಕ್ಕೆ ಕೂರಬೇಕು ಅಂತ. ಹೆಂಗಸರು ಬಾವಿಕಟ್ಟೆಯಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು: ಅನ್ನ ಇದ್ದ ಮನೆಯಿಂದ ಎದ್ದು ಹೋದವಳು. ಇದನ್ನು ಕೆಲವರು ಮೂಗು ಮುರಿದು ಹೇಳುತ್ತಿದ್ದರು. ಕೆಲವರು ಹೇಳಿ, ಕೊಡ ಎತ್ತುವ ಮೊದಲು ಒಮ್ಮೆ ಅವಳ ಮನೆಯ ಕಡೆ ನೋಡುತ್ತಿದ್ದರು.

ಆ ಅನ್ನ ಇದ್ದ ಮನೆ ಎಂದರೆ ಪಡ್ಪು ಮನೆ. ಅಳಿಯಕಟ್ಟಿನ ಮನೆ ಅದು. ಅಲ್ಲಿ ಮನೆ ಇಳಿದು ಬರುವುದು ಹೆಣ್ಣಿನ ಹೊಟ್ಟೆಯಿಂದ, ನಡೆಯುವುದು ಗಂಡಿನ ಕೈಯಿಂದ. ತಾಯಿ ತೀರಿದ ಮೇಲೆ ಪಡ್ಪಿನ ಸಂತಾನ ಮುಂದುವರಿಸಲು ಉಳಿದ ಹೆಣ್ಣು ಸೀತಕ್ಕ ಒಬ್ಬಳೇ. ಯಜಮಾನಿಕೆ ಅವಳ ಅಣ್ಣ ಬೋಜಪ್ಪನದು. ಅವಳನ್ನು ಸುಳ್ಯದ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ನಲವತ್ತೆಂಟನೆಯ ಇಸವಿಯಲ್ಲಿ ಗಂಡ ಜ್ವರ ಬಂದು ತೀರಿಕೊಂಡ. ಅವನ ಆಸ್ತಿ ಕಟ್ಟಿನ ಪ್ರಕಾರ ಅವನ ಅಕ್ಕನ ಮಕ್ಕಳಿಗೆ ಹೋಯಿತು. ಸೀತಕ್ಕ ಎರಡು ವರ್ಷದ ಮಗಳು ಸತ್ಯವತಿಯನ್ನು ಸೊಂಟದಲ್ಲಿಟ್ಟುಕೊಂಡು ಪಡ್ಪಿಗೆ ಬಂದಳು. ಬಂದದ್ದಕ್ಕೆ ಯಾರೂ ಏನೂ ಹೇಳಲಿಲ್ಲ, ಹೇಳುವ ಹಾಗೂ ಇರಲಿಲ್ಲ. ಅವಳ ಮನೆಗೆ ಅವಳು ಬಂದದ್ದು.

ಬೋಜಪ್ಪ ಕೆಟ್ಟವನಲ್ಲ. ಎರಡು ಹೊತ್ತು ಅನ್ನ, ವರ್ಷಕ್ಕೆ ಎರಡು ಸೀರೆ, ಮಗುವಿಗೆ ಒಂದು ಜೊತೆ ಲಂಗ. ಇದಕ್ಕೆ ಒಂದು ದಿನವೂ ತಪ್ಪಿದವನಲ್ಲ. ಕೈಗೆ ಮಾತ್ರ ಒಂದು ಕಾಸು ಕೊಟ್ಟವನಲ್ಲ. ಮನೆಯಲ್ಲಿ ಎಲ್ಲ ಉಂಟಲ್ಲ, ಹೆಂಗಸಿಗೆ ಕೈಯಲ್ಲಿ ಎಂತಕ್ಕೆ ಎಂದು ಅವನು ಬೇಸರವಿಲ್ಲದೆ ಕೇಳುತ್ತಿದ್ದ.

ಪಡ್ಪಿನ ಹಿಂಬದಿ ಜಗಲಿಯಲ್ಲಿ ಆಗ ಮಕ್ಕಳಿಲ್ಲದ ಒಬ್ಬಳು ಅಜ್ಜಿ ಇದ್ದಳು. ಸೀತಕ್ಕನ ತಾಯಿಯ ಚಿಕ್ಕಮ್ಮ. ಅವಳೂ ಹೀಗೆಯೇ ಗಂಡನನ್ನು ಕಳೆದುಕೊಂಡು ಬಂದವಳು. ಅವಳಿಗೆ ಅನ್ನಕ್ಕೆ ಕಮ್ಮಿ ಇರಲಿಲ್ಲ. ಆದರೆ ಒಂದು ವೀಳ್ಯದೆಲೆ ಬೇಕಾದರೆ ಕೇಳಬೇಕು. ಒಂದು ಚಿಟಿಕೆ ನಸ್ಯ ಬೇಕಾದರೆ ಯಾರದಾದರೂ ಮನಸ್ಸು ಚೆನ್ನಾಗಿರುವ ಹೊತ್ತು ನೋಡಿ ಕೇಳಬೇಕು. ಸಾಯುವ ವರ್ಷ ಅಜ್ಜಿ ಕೇಳುವುದನ್ನೇ ಬಿಟ್ಟಿದ್ದಳು. ಅವಳ ಕೊಳೆ ಬಟ್ಟೆ ತೊಳೆದವಳು ಸೀತಕ್ಕ. ತೊಳೆಯುತ್ತಾ ತೊಳೆಯುತ್ತಾ ಅವಳು ಒಂದು ತೀರ್ಮಾನಕ್ಕೆ ಬಂದಳು.

ಬೇಲಿಯಾಚೆ ಪಾತುಮ್ಮ ಬೀಡಿ ಕಟ್ಟುತ್ತಿದ್ದಳು. ಸೀತಕ್ಕ ಅವಳ ಹತ್ತಿರ ಹೋಗಿ ಕೂತು ಹತ್ತು ದಿನದಲ್ಲಿ ಕೆಲಸ ಕಲಿತಳು. ಎಲೆ ನೆನೆಸುವುದು, ಕತ್ತರಿಸುವುದು, ಹೊಗೆಸೊಪ್ಪಿನ ಪುಡಿ ಹಾಕಿ ಸುರುಳಿ ಸುತ್ತುವುದು, ತುದಿ ಮಡಚಿ ನೂಲು ಹಾಕುವುದು. ಹನ್ನೊಂದನೆಯ ದಿನ ಎಲೆ, ಪುಡಿ ಇಡುವ ತನ್ನದೇ ತಡಪೆ ಹಿಡಿದುಕೊಂಡು ಪಡ್ಪಿನ ಎದುರು ಜಗಲಿಯಲ್ಲಿ, ಹೋಗುವವರು ಬರುವವರು ನೋಡುವ ಜಾಗದಲ್ಲಿ ಕೂತಳು.

ಬೋಜಪ್ಪ ಸಂತೆಯಿಂದ ಬಂದವನು ಅಂಗಳದಲ್ಲೇ ನಿಂತ.

"ಪಡ್ಪಿನ ಹೆಂಗಸು ಬೀಡಿ ಕಟ್ಟುದಾ? ಜನ ಎಂತ ಹೇಳಿಯಾರು ಸೀತು?"

"ನಿನ್ನ ಕಿಸೆಯಲ್ಲಿ ಇರುವುದನ್ನು ಯಾರು ಕಟ್ಟಿದ್ದು ಅಂತ ಒಂದು ದಿನವಾದರೂ ಕೇಳಿದ್ದಿಯಾ ಅಣ್ಣ?"

ಅವನ ಕಿಸೆಯಲ್ಲಿ ಅರ್ಧ ಕಟ್ಟು ಇತ್ತು. ಅವನು ಒಳಗೆ ಹೋದ. ಮುಂದೆ ಹನ್ನೆರಡು ವರ್ಷ ಆ ಜಗಲಿಯಲ್ಲಿ ಬೀಡಿ ಕಟ್ಟುವುದು ನಿಲ್ಲಲಿಲ್ಲ, ಅವನು ಆ ಮಾತು ಮತ್ತೆ ಎತ್ತಲೂ ಇಲ್ಲ. ಆದರೆ ಮನಸ್ಸಿನಲ್ಲಿಟ್ಟುಕೊಂಡ.

ಬೀಡಿಯ ಹಣ ಅಂಚೆಮನೆಗೆ ಹೋಗುತ್ತಿತ್ತು. ಅಂಚೆಮನೆ ಎಂದರೆ ಶಾಲೆಯ ಮಾಸ್ಟ್ರು ಯಜ್ಞೇಶ್ವರ ಭಟ್ಟರ ಮನೆಯ ಮುಂದಿನ ಕೋಣೆ. ಬೆಳಿಗ್ಗೆ ಎರಡು ಗಂಟೆ ಹೊತ್ತು ಅವರು ಪೋಸ್ಟ್ ಮಾಸ್ಟ್ರು, ಆಮೇಲೆ ಶಾಲೆ ಮಾಸ್ಟ್ರು. ಸೀತಕ್ಕ ಅಲ್ಲಿ ಎರಡು ಉಳಿತಾಯ ಪುಸ್ತಕ ಮಾಡಿಸಿದಳು. ಒಂದು ಸತ್ಯವತಿಯ ಹೆಸರಿನಲ್ಲಿ, ಕಾಲೇಜಿಗೆ. ಇನ್ನೊಂದು ತನ್ನ ಹೆಸರಿನಲ್ಲಿ, ಕೈಕಾಲು ನಿಂತ ಮೇಲಿನ ಕಾಲಕ್ಕೆ. ಒಂದು ರೂಪಾಯಿ ಉಳಿದರೆ ಎಂಟಾಣೆ ಅತ್ತ, ಎಂಟಾಣೆ ಇತ್ತ. ಅದರಲ್ಲಿ ಒಂದು ದಿನವೂ ಹೆಚ್ಚುಕಮ್ಮಿ ಮಾಡಿದವಳಲ್ಲ. ಸತ್ಯವತಿ ಜ್ವರ ಬಂದು ಮಲಗಿದ ವರ್ಷ ಮಾತ್ರ ಎರಡಕ್ಕೂ ತಪ್ಪಿತು.

ಪಾತುಮ್ಮನಿಗೆ ಇದು ಅರ್ಥವಾಗುತ್ತಿರಲಿಲ್ಲ.

"ಎಲ್ಲ ಮಗಳ ಪುಸ್ತಕಕ್ಕೇ ಹಾಕು ಮಾರಾಯ್ತಿ. ಅವಳು ಕಲಿತು ಸಂಬಳ ತಂದರೆ ನಿನ್ನನ್ನು ನೋಡಿಕೊಳ್ಳುದಿಲ್ಲವಾ?"

"ನೋಡಿಕೊಳ್ಳಲಿ," ಎಂದಳು ಸೀತಕ್ಕ. "ನೋಡಿಕೊಳ್ಳಲೇಬೇಕು ಅಂತ ಆಗಬಾರದು."

ಅರವತ್ತೆರಡರಲ್ಲಿ ಸತ್ಯವತಿ ರಾಮಕುಂಜದ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಪಾಸಾದಳು. ಲೆಕ್ಕದಲ್ಲಿ ನೂರಕ್ಕೆ ತೊಂಬತ್ತೆರಡು. ಅಷ್ಟು ಹೊತ್ತಿಗೆ ಮಗಳ ಪುಸ್ತಕದಲ್ಲಿ ಮುನ್ನೂರ ಚಿಲ್ಲರೆ, ತಾಯಿಯ ಪುಸ್ತಕದಲ್ಲಿ ನಾನೂರ ಅರವತ್ತು. ಕೆಲವು ವರ್ಷ ಮಗಳ ಪುಸ್ತಕದಿಂದ ಶಾಲೆಯ ಫೀಸಿಗೆ ತೆಗೆದಿದ್ದರಿಂದ ಅದು ಹಿಂದೆ ಬಿದ್ದಿತ್ತು. ಪುತ್ತೂರಿನಲ್ಲಿ ಕಾಲೇಜು ಉಂಟು, ಆದರೆ ದಿನಾ ಹೋಗಿ ಬರುವ ದಾರಿಯಲ್ಲ. ಹಾಸ್ಟೆಲ್ ಸೇರಿ ವರ್ಷಕ್ಕೆ ನಾನೂರು ಬೇಕು, ನಾಲ್ಕು ವರ್ಷ. ಎರಡೂ ಪುಸ್ತಕ ಬೋರಲು ಹಾಕಿದರೂ ಎರಡನೆಯ ವರ್ಷದ ಕೊನೆಗೆ ಮಗಳು ಅರ್ಧ ಓದಿದವಳು, ತಾಯಿ ಹಿಂಬದಿ ಜಗಲಿಯವಳು.

ಒಂದು ದಾರಿ ಇತ್ತು. ಅವರ ಸಮಾಜದ ಕೆಲವು ದೊಡ್ಡವರು ಸೇರಿ ಪುತ್ತೂರಿನಲ್ಲಿ ಒಂದು ವಿದ್ಯಾರ್ಥಿ ಫಂಡು ನಡೆಸುತ್ತಿದ್ದರು. ಬಡವರ ಮಕ್ಕಳಿಗೆ ಕಾಲೇಜಿನ ಫೀಸು ಪೂರ್ತಿ, ಹಾಸ್ಟೆಲ್ ಖರ್ಚು ಅರ್ಧ. ಅದೊಂದು ಸಿಕ್ಕಿದರೆ ಮಗಳ ಪುಸ್ತಕವೂ ಮುಂದಿನ ವರ್ಷಗಳ ಬೀಡಿಯೂ ಸೇರಿ ನಾಲ್ಕು ವರ್ಷ ಎಳೆಯಬಹುದು. ತಾಯಿಯ ಪುಸ್ತಕ ಮುಟ್ಟಬೇಕಾಗಿಲ್ಲ.

ಅರ್ಜಿ ಬರೆದುಕೊಟ್ಟವರು ಯಜ್ಞೇಶ್ವರ ಭಟ್ಟರು. ರಕ್ಷಕರ ಹೆಸರು ಎನ್ನುವ ಜಾಗಕ್ಕೆ ಬಂದಾಗ ಅವರು, ತಂದೆ ಇಲ್ಲವಲ್ಲ, ನಿಮ್ಮ ಹೆಸರೇ ಬರೆಯಲಾ ಎಂದು ಕೇಳಿದರು. ಸೀತಕ್ಕನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಸೋದರಮಾವ ಬದುಕಿರುವಾಗ ಬೇರೆ ರಕ್ಷಕ ಯಾರು? ಬೋಜಪ್ಪ ಎಂದು ಬರೆಸಿದಳು. ಮನೆಯ ಹುಟ್ಟುವಳಿ ಎಷ್ಟು ಎಂದು ಮುಂದಿನ ಸಾಲಿನಲ್ಲಿತ್ತು. ಭಟ್ಟರು ಪೆನ್ನು ಎತ್ತಿ ಹಿಡಿದು, ಸ್ವಲ್ಪ ಕಮ್ಮಿಯೇ ಹೇಳಿ ಸೀತಕ್ಕ ಎಂದರಂತೆ. ಅವಳಿಗೆ ಕಮ್ಮಿ ಹೇಳಲು ಬಾಯಿ ಬರಲಿಲ್ಲ. ತಲೆಮಾರುಗಳಿಂದ ಬಂದ ತರವಾಡು ಮನೆಯನ್ನು ಬಡ ಎಂದು ಕಾಗದದಲ್ಲಿ ಬರೆಸುವುದುಂಟೇ? ಸುಗ್ಗಿ, ಏಣೆಲು ಎರಡೂ ಬೆಳೆ ಸೇರಿ ನೂರಿಪ್ಪತ್ತು ಮುಡಿ ಅಕ್ಕಿ, ಅಡಿಕೆ ಬೇರೆ ಎಂದು ಬೆನ್ನು ನೆಟ್ಟಗೆ ಮಾಡಿ ಹೇಳಿದಳು. ಆ ಅಕ್ಕಿಯಲ್ಲಿ ತನ್ನ ಪಾಲಿಗೆ ಬರುವುದು ಎರಡು ತಟ್ಟೆ ಅನ್ನ ಎಂಬುದನ್ನು ಬರೆಯಲು ಅರ್ಜಿಯಲ್ಲಿ ಜಾಗವೂ ಇರಲಿಲ್ಲ.

ಹದಿನೈದು ದಿನಕ್ಕೆ ಉತ್ತರ ಬಂತು. ರಕ್ಷಕರ ಸ್ಥಿತಿ ಉತ್ತಮವಾಗಿರುವುದರಿಂದ ಅರ್ಜಿಯನ್ನು ಪರಿಗಣಿಸಲಾಗುವುದಿಲ್ಲ. ಎರಡೇ ಸಾಲು.

ಸತ್ಯವತಿ ಅದನ್ನು ಓದಿ ಮಡಚಿಟ್ಟು, ಕಾಲೇಜು ಬೇಡ, ಎಲ್ಲಿಯಾದರೂ ಟ್ರೈನಿಂಗ್ ಸೇರುತ್ತೇನೆ ಎಂದಳು. ಸೀತಕ್ಕ ಎಲೆ ಕತ್ತರಿಸುತ್ತಿದ್ದವಳು ಕತ್ತರಿ ಕೆಳಗಿಟ್ಟಳು.

"ನಿನಗೆ ಬೇಡವಾದರೆ ಬೇಡ ಹೇಳು. ನನಗೆ ಕಷ್ಟ ಅಂತ ಬೇಡ ಹೇಳಬೇಡ. ಯಾವುದು?"

ಸತ್ಯವತಿ ಮಡಚಿಟ್ಟ ಕಾಗದವನ್ನು ಇನ್ನೊಮ್ಮೆ ಮಡಚಿದಳು. ಆಮೇಲೆ, ಲೆಕ್ಕ ಓದಬೇಕು ಅಂತ ಉಂಟು ಎಂದಳು.

ಮರುದಿನ ಸೀತಕ್ಕ ಎರಡು ಪುಸ್ತಕವನ್ನೂ ಆ ಎರಡು ಸಾಲಿನ ಕಾಗದವನ್ನೂ ಸೆರಗಿಗೆ ಕಟ್ಟಿಕೊಂಡು ಪುತ್ತೂರಿನ ಬಸ್ಸು ಹತ್ತಿದಳು.

ಫಂಡಿನ ಕಾರ್ಯದರ್ಶಿ ಮಹಾಲಿಂಗ ವಕೀಲರು. ಅವರ ಆಫೀಸಿನಲ್ಲೇ ಸಭೆ ಆಗುತ್ತಿತ್ತು. ಇನ್ನಿಬ್ಬರು ಕಮಿಟಿಯವರೂ ಇದ್ದರು, ಅವರು ತಲೆ ಅಲ್ಲಾಡಿಸುವುದಕ್ಕೆ. ವಕೀಲರು ಒಳ್ಳೆಯವರು, ಆದರೆ ನಿಯಮದವರು. ಕುರ್ಚಿ ತೋರಿಸಿದರು. ಸೀತಕ್ಕ ಕೂತಳು. ಆ ಕುರ್ಚಿಯಲ್ಲಿ ಅರ್ಜಿದಾರ ಹೆಂಗಸು ಕೂತದ್ದು ಅದೇ ಮೊದಲು ಎಂದು ಗುಮಾಸ್ತ ಆಮೇಲೆ ಹೇಳುತ್ತಿದ್ದನಂತೆ. ಅವಳು ಎರಡೂ ಪುಸ್ತಕ ತೆಗೆದು ಮೇಜಿನ ಮೇಲಿಟ್ಟು ಇರುವುದನ್ನು ಇರುವ ಹಾಗೆ ಹೇಳಿದಳು. ನೂರಿಪ್ಪತ್ತು ಮುಡಿ ಬರೆಸಿದ್ದು ತನ್ನದೇ ಬಾಯಿ, ಅದು ಸುಳ್ಳಲ್ಲ, ಆದರೆ ಅದರಲ್ಲಿ ಒಂದು ಸೇರು ಮಾರುವ ಅಧಿಕಾರ ತನಗಿಲ್ಲ.

ವಕೀಲರು ನಿಯಮದ ಪುಸ್ತಕ ತೆರೆದರು. ಒಂದೇ ಅಡಿಗೆಯಲ್ಲಿ ಉಣ್ಣುವವರೆಲ್ಲ ಒಂದು ಸಂಸಾರ, ಆ ಸಂಸಾರದ ಹುಟ್ಟುವಳಿಯೇ ಲೆಕ್ಕಕ್ಕೆ. ಯಜಮಾನರು ಈ ಹುಡುಗಿಯ ಓದಿಗೆ ತಾನು ಏನೂ ಕೊಡುವುದಿಲ್ಲ ಎಂದು ಬರೆದುಕೊಟ್ಟರೆ ನೋಡಬಹುದು. ಇಲ್ಲವಾದರೆ ಬೇರೆ ಒಲೆ ಆಗಿರಬೇಕು, ಅದಕ್ಕೆ ಪಟೇಲರ ದಾಖಲೆ ಬೇಕು. ಇನ್ನೊಂದು ನಿಯಮ ಉಂಟು. ತಾಯಿಯ ಹೆಸರಿನಲ್ಲಿ ಇನ್ನೂರಕ್ಕಿಂತ ಹೆಚ್ಚು ನಗದು ಇರಬಾರದು. ಮೊದಲು ಅದು ಖರ್ಚಾಗಲಿ, ಆಮೇಲೆ ಫಂಡು.

"ಅದು ನನ್ನ ಮುದಿಕಾಲಕ್ಕೆ," ಎಂದಳು ಸೀತಕ್ಕ.

"ನಿಮಗೆ ಮಗಳು ಇಲ್ಲವಾ? ಮಕ್ಕಳಿಗೆ ಓದಿಸುದೇ ಮುದಿಕಾಲಕ್ಕೆ ಅಲ್ವಾ ಸೀತಕ್ಕ?"

"ನಿಮ್ಮ ಮಗನೂ ಕಾಲೇಜಿಗೆ ಹೋಗ್ತಾನೆ ಅಂತ ಕೇಳಿದೆ. ಹಾಗಾದರೆ ನೀವು ತೋಟ ಎಂತಕ್ಕೆ ಇಟ್ಟುಕೊಂಡದ್ದು?"

ಕಮಿಟಿಯವರಲ್ಲಿ ಒಬ್ಬರು ಕೆಮ್ಮಿದರು. ವಕೀಲರು ಕೋಪ ಮಾಡಿಕೊಳ್ಳಲಿಲ್ಲ. ತೋಟ ನಗದಲ್ಲ, ನಿಯಮದಲ್ಲಿ ಮನೆ, ಜಾಗ ಹೇಳಿಲ್ಲ, ಒಲೆ ಮತ್ತು ನಗದು ಅಷ್ಟೇ ಹೇಳಿರುವುದು ಎಂದು ಸಮಾಧಾನದಿಂದ ವಿವರಿಸಿದರು.

ಸೀತಕ್ಕ ಮತ್ತೆ ಪುಸ್ತಕಗಳನ್ನು ಸೆರಗಿಗೆ ಕಟ್ಟಿದಳು.

"ಹಾಗಾದರೆ ಆ ನಗದನ್ನು ನಾನು ಗೋಡೆ ಮಾಡ್ತೇನೆ. ಒಲೆಯನ್ನೂ ಅಲ್ಲೇ ಹೂಡ್ತೇನೆ. ಕದ್ದುಮುಚ್ಚಿ ಅಲ್ಲ, ನಿಮ್ಮ ಎದುರೇ ಹೇಳಿ ಹೋಗ್ತಾ ಇದ್ದೇನೆ. ಅದು ಸರಿಯಾ ಅಲ್ವಾ, ಈಗಲೇ ಹೇಳಿ."

ವಕೀಲರು ಇಬ್ಬರ ಮುಖವನ್ನೂ ನೋಡಿದರು. ಇಬ್ಬರೂ ತಲೆ ಅಲ್ಲಾಡಿಸಿದರು. ಸರಿ ಎಂದಾಯಿತು.

ಆದರೂ ಅವಳು ಮೊದಲು ಅಣ್ಣನನ್ನೇ ಕೇಳಿದಳು. ಕೇಳದೆ ಹೋದಳು ಎಂದು ನಾಳೆ ಯಾರೂ ಹೇಳಬಾರದು. ಬೋಜಪ್ಪ ಊಟ ಮಾಡಿ ಚಾವಡಿಯಲ್ಲಿ ಕೂತಿದ್ದ. ಅತ್ತಿಗೆ ಬಾಗಿಲ ಹಿಂದೆ ನಿಂತಿದ್ದಳು. ಸೀತಕ್ಕ ಎರಡು ಮಾತು ಮುಂದಿಟ್ಟಳು. ಒಂದೋ ಪಡ್ಪಿನ ಹುಟ್ಟುವಳಿಯಿಂದ ವರ್ಷಕ್ಕೆ ನಾನೂರು ಸತ್ಯವತಿಗೆ ಕೊಡು. ಇಲ್ಲವೋ ಕೊಡುವುದಿಲ್ಲ ಎಂದು ಬರೆದು ರುಜು ಹಾಕು.

"ಹುಡುಗಿಗೆ ಅಷ್ಟು ಓದು ಎಂತಕ್ಕೆ? ನಾನು ಕೊಡುದಿಲ್ಲ."

"ಆಯಿತು. ಅದನ್ನೇ ಬರೆ."

"ತಂಗಿಯ ಮಗಳಿಗೆ ಕೊಡುದಿಲ್ಲ ಅಂತ ಪಡ್ಪಿನ ಬೋಜಪ್ಪ ಬರೆದು ಕೊಡುದಾ? ನಾಳೆ ಪುತ್ತೂರಿನಲ್ಲಿ ನನ್ನ ಮುಖಕ್ಕೆ ಉಗುಳುದಿಲ್ಲವಾ?"

"ಕೊಡುದಕ್ಕೂ ಇಲ್ಲ, ಕೊಡುದಿಲ್ಲ ಅಂತ ಹೇಳುದಕ್ಕೂ ಇಲ್ಲ. ಹಾಗಾದರೆ ಎಂತ ಮಾಡುದು ಅಣ್ಣ?"

"ಇದ್ದ ಹಾಗೆ ಇರು," ಎಂದ ಬೋಜಪ್ಪ. "ನಿನಗೆ ಇಲ್ಲಿ ಎಂತ ಕಮ್ಮಿ ಆಗಿದೆ?"

ಸೀತಕ್ಕ ಅಜ್ಜಿ ಇದ್ದ ಹಿಂಬದಿ ಜಗಲಿಯ ಕಡೆ ಒಮ್ಮೆ ನೋಡಿ ಅಂಗಳಕ್ಕೆ ಇಳಿದಳು. ಕಮ್ಮಿ ಎಂತ ಎಂದು ಹೇಳಿದರೂ ಅವನಿಗೆ ತಿಳಿಯುತ್ತಿರಲಿಲ್ಲ.

ಪಾತುಮ್ಮ ಬೇರೆ ಉಪಾಯ ಹೇಳಿದಳು. ನಾನೂರ ಅರವತ್ತನ್ನೂ ತೆಗೆದು ನನ್ನ ಹೆಸರಿಗೆ ಹಾಕು, ನಾಲ್ಕು ವರ್ಷ ಕಳೆದ ಮೇಲೆ ಅಲ್ಲಾಹನ ಮೇಲೆ ಆಣೆ, ಪೈಸೆ ಪೈಸೆ ತಿರುಗಿ ಕೊಡುತ್ತೇನೆ, ಮನೆ ಬಿಡುವುದು ಬೇಡ, ಪಟೇಲರಿಗೆ ಏನಾದರೂ ಹೇಳಿ ಕಾಗದ ಮಾಡಿಸಿದರಾಯಿತು. ಊರಿನಲ್ಲಿ ಹಾಗೆ ಮಾಡಿದವರು ಇದ್ದರು. ಪಾತುಮ್ಮನ ಮಾತಿನ ಮೇಲೆ ಸೀತಕ್ಕನಿಗೆ ಚೂರೂ ಸಂಶಯ ಇರಲಿಲ್ಲ.

"ಅಡಗಿಸಿಟ್ಟು ನಾಲ್ಕು ವರ್ಷ ಹೆದರಿಕೊಂಡು ಇರುದಾದರೆ," ಎಂದಳು, "ಅಣ್ಣನಿಗೇ ಹೆದರಿಕೊಂಡು ಇರಬಹುದಿತ್ತಲ್ಲ ಪಾತುಮ್ಮ. ಹೊಸತಾಗಿ ಯಾಕೆ?"

ರಸ್ತೆಯ ಮೇಲ್ಬದಿಯ ಗುಡ್ಡೆಯಲ್ಲಿ ಒಬ್ಬ ಬಡಗಿಯ ಮನೆ ಇತ್ತು. ಅವನು ಸುಳ್ಯಕ್ಕೆ ಹೋಗಿ ಅಲ್ಲೇ ನಿಂತಿದ್ದ. ಐದು ಸೆಂಟ್ಸ್ ಜಾಗ, ಮಣ್ಣಿನ ಗೋಡೆ, ಮುಳಿಹುಲ್ಲು ಹೊದೆಸಿದ ಮಾಡು, ಪಾತುಮ್ಮನ ಬಾವಿಗೆ ಇಪ್ಪತ್ತು ಹೆಜ್ಜೆ. ಸೀತಕ್ಕ ಮುನ್ನೂರ ಎಂಬತ್ತಕ್ಕೆ ಮಾತಾಡಿ ಮುಗಿಸಿದಳು. ಉಳಿದದ್ದರಲ್ಲಿ ಬಿದ್ದ ಗೋಡೆ ಎತ್ತಿಸಿ, ಹೊಸ ಹುಲ್ಲು ಹಾಕಿಸಿ, ನೋಂದಣಿ ಮಾಡಿಸಿದಳು. ಅವಳ ಪುಸ್ತಕದಲ್ಲಿ ಹನ್ನೊಂದು ರೂಪಾಯಿ ಉಳಿಯಿತು. ಯಜ್ಞೇಶ್ವರ ಭಟ್ಟರು ಆ ಪುಟಕ್ಕೆ ಮೊಹರು ಒತ್ತುವಾಗ ಬೇಸರದಿಂದ ತಲೆ ಅಲ್ಲಾಡಿಸಿದರು. ಸೀತಕ್ಕ, ಹೋದದ್ದಲ್ಲ ಭಟ್ರೇ, ಗುಡ್ಡೆ ಹತ್ತಿ ಕೂತದ್ದು ಎಂದಳು.

ಇನ್ನು ಉಳಿದದ್ದು ಪಟೇಲರ ದಾಖಲೆ. ಪಟೇಲರು ಬೋಜಪ್ಪನ ಇಸ್ಪೀಟಿನ ಜೊತೆಗಾರರು. ಮೊದಲನೆಯ ಸಲ ಹೋದಾಗ ಮೊಹರು ಸಿಗಲಿಲ್ಲ. ಎರಡನೆಯ ಸಲ ಕನ್ನಡಕ ಸಿಗಲಿಲ್ಲ. ಮೂರನೆಯ ಸಲ ಸೀತಕ್ಕ ತಡಪೆ, ಕತ್ತರಿ, ನೆನೆಸಿದ ಎಲೆಯ ಕಟ್ಟು ಎಲ್ಲ ಹಿಡಿದುಕೊಂಡೇ ಹೋದಳು. ಪಟೇಲರ ಜಗಲಿಯಲ್ಲಿ ಕಾಲು ನೀಡಿ ಕೂತು ಬೀಡಿ ಕಟ್ಟತೊಡಗಿದಳು. ನಿಮಗೆ ಪುರಸೊತ್ತು ಆಗುವವರೆಗೆ ನನಗೂ ಕೆಲಸ ಉಂಟು ಎಂದಳು. ಮಧ್ಯಾಹ್ನದ ಹೊತ್ತಿಗೆ ಗೇಣಿ ಕೊಡಲು ಬಂದವರು, ದಾವೆಯ ಮಾತಿಗೆ ಬಂದವರು, ಎಲ್ಲ ಸುತ್ತ ನಿಂತು, ಎಂತ ಸೀತಕ್ಕ, ಬ್ರಾಂಚು ಇಲ್ಲಿಗೆ ಬಂತಾ ಎಂದು ಕೇಳುವಂತಾಯಿತು. ಪಟೇಲರು ಎದ್ದು ಗುಡ್ಡೆ ಹತ್ತಿ ಬಂದರು. ಒಲೆ ನೋಡಿದರು, ಒಲೆಯ ಮೇಲೆ ಸತ್ಯವತಿ ಇಟ್ಟ ಗಂಜಿ ಕುದಿಯುವುದನ್ನು ನೋಡಿದರು, ಕನ್ನಡಕ ಇಲ್ಲದೆಯೇ ರುಜು ಹಾಕಿದರು.

ಜುಲೈಯಲ್ಲಿ ಸತ್ಯವತಿ ಕಾಲೇಜಿಗೆ ಸೇರಿದಳು. ಫಂಡು ಸಿಕ್ಕಿತು. ಆದರೆ ಅದು ವರ್ಷ ವರ್ಷ ಹೊಸತಾಗಿ ಮಂಜೂರಾಗಬೇಕು.

ಗುಡ್ಡೆಯ ಮನೆ ಸುಖದ ಮನೆಯೇನೂ ಅಲ್ಲ. ಮೊದಲ ವರ್ಷ ಮಾಡಿನಿಂದ ಎರಡು ಸಲ ಕೇರೆ ಹಾವು ಬಿತ್ತು. ಗಾಳಿಗೆ ಹುಲ್ಲು ಹಾರಿ ಪಾತುಮ್ಮನ ಅಂಗಳಕ್ಕೆ ಹೋಗುತ್ತಿತ್ತು, ಪಾತುಮ್ಮ ಅದನ್ನು ಒಟ್ಟು ಮಾಡಿ ತಂದು, ಇಕೋ ನಿನ್ನ ಮನೆ ಎಂದು ಕೊಡುತ್ತಿದ್ದಳು. ಪಡ್ಪಿನಲ್ಲಿ ಕುಚ್ಚಲಕ್ಕಿ ಉಂಡವಳು ಈಗ ನುಚ್ಚಿನ ಗಂಜಿ ಕುಡಿದಳು. ಆದರೆ ಎಲೆ ಅಡಿಕೆ ಬೇಕಾದಾಗ ತಾನೇ ಅಂಗಡಿಗೆ ಹೋಗಿ ತಂದಳು, ಯಾರ ಮುಖವನ್ನೂ ನೋಡಲಿಲ್ಲ. ಆ ಒಂದು ವರ್ಷದಲ್ಲಿ ಅವಳು ಪಡ್ಪಿಗೆ ಮೂರು ಸಲ ಹೋದಳು. ಅತ್ತಿಗೆಗೆ ಜ್ವರ ಬಂದಾಗ ಎರಡು ಸಲ, ಹಸು ಈಯುವಾಗ ಒಂದು ಸಲ. ಕೆಲಸ ಮಾಡಿಕೊಟ್ಟು ಬಂದಳು. ಅಲ್ಲಿ ಒಂದು ಲೋಟ ನೀರನ್ನೂ ಮುಟ್ಟಲಿಲ್ಲ. ಅತ್ತಿಗೆ ಬೇಸರಪಟ್ಟುಕೊಂಡಾಗ, ನಿಮ್ಮ ಮೇಲೆ ಸಿಟ್ಟಲ್ಲ ಅತ್ತಿಗೆ, ನಾನು ಫಂಡಿನವರಿಗೆ ಕೊಟ್ಟ ಮಾತು ಎಂದಳು.

ಬೋಜಪ್ಪನಿಗೆ ಇದನ್ನು ತಡೆಯಲಾಗಲಿಲ್ಲ. ಊರಿನಲ್ಲಿ ತಲೆ ಎತ್ತುವಂತಿಲ್ಲ. ಪಡ್ಪಿನ ತಂಗಿ ಗುಡ್ಡೆಯಲ್ಲಿ ಗಂಜಿ ಬೇಯಿಸುತ್ತಾಳೆ ಎಂದು ಸಂತೆಯಲ್ಲಿ ಕೇಳುವವರೇ. ಅರವತ್ತಮೂರರ ಏಪ್ರಿಲಿನಲ್ಲಿ ಅವನು ಫಂಡಿಗೆ ಒಂದು ಕಾಗದ ಹಾಕಿದ. ಬೇರೆ ಒಲೆ ಎಂಬುದು ನಾಟಕ, ತಂಗಿ ಉಣ್ಣುವುದೂ ಇರುವುದೂ ತನ್ನ ಮನೆಯಲ್ಲೇ, ಬೇಕಾದರೆ ಬಂದು ನೋಡಬಹುದು, ಮನೆಯ ದೈವಕ್ಕೆ ವರ್ಷಕ್ಕೊಮ್ಮೆ ತಂಬಿಲದ ಪೂಜೆ ಕೊಡುವ ದಿನ ಊಟಕ್ಕೇ ಬನ್ನಿ. ಮಹಾಲಿಂಗ ವಕೀಲರು ನಿಯಮದವರೆಂದು ಹೇಳಿದೆನಲ್ಲ, ಅವರು ಸೀತಕ್ಕನಿಗೂ ಒಂದು ಕಾರ್ಡು ಬರೆದರು. ದೂರು ಬಂದಿದೆ, ಆ ದಿನ ನಾನೇ ಬಂದು ನೋಡುವೆ, ನಿಜವಾದರೆ ಮುಂದಿನ ವರ್ಷದ ಹಣ ಇಲ್ಲ, ಕೊಟ್ಟದ್ದನ್ನೂ ಹಿಂದೆ ಕೊಡಬೇಕಾದೀತು.

ಕಾರ್ಡು ಕೇಳಿ ಪಾತುಮ್ಮ, ಆ ದಿನ ಅತ್ತ ತಲೆ ಹಾಕಬೇಡ ಎಂದಳು.

ಹೋಗದಿದ್ದರೆ? ತಂಬಿಲದ ದಿನ ಪ್ರಸಾದ ಮೊದಲು ಸಲ್ಲುವುದು ಮನೆಯ ಹಿರಿಯ ಹೆಣ್ಣಿಗೆ. ಆ ಜಾಗ ಖಾಲಿ ಬಿಟ್ಟರೆ ಸೀತು ಹಕ್ಕು ಬಿಟ್ಟುಹೋದಳು ಎಂದು ಬೋಜಪ್ಪ ಊರಿಗೆಲ್ಲ ಹೇಳಬಹುದು, ನಾಳೆ ಸತ್ಯವತಿಗೆ ಆ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಹೋಗಿ ಎಲ್ಲರ ಹಾಗೆ ಎಲೆಯ ಮುಂದೆ ಕೂತು ಉಂಡರೆ ವಕೀಲರ ಕಣ್ಣಮುಂದೆಯೇ ಒಲೆ ಒಂದಾಯಿತು, ಓದು ನಿಂತಿತು. ಬೋಜ ಬಲೆ ಚೆನ್ನಾಗಿಯೇ ಕಟ್ಟಿದ್ದಾನೆ ಎಂದು ಸೀತಕ್ಕ ನಕ್ಕಳಂತೆ. ಸಿಟ್ಟು ಬಂದಾಗ ಮಾತ್ರ ಅವಳು ಅಣ್ಣನ ಹೆಸರು ಮೊಟಕು ಮಾಡುತ್ತಿದ್ದಳು.

ಆ ದಿನ ಬೆಳಿಗ್ಗೆ ಅವಳು ಗುಡ್ಡೆಯ ಮನೆಯಲ್ಲಿ ಗಂಜಿ ಬೇಯಿಸಿ ಮುಚ್ಚಿಟ್ಟು, ರಜೆಯಲ್ಲಿ ಬಂದಿದ್ದ ಸತ್ಯವತಿಯನ್ನು ಕರೆದುಕೊಂಡು ಪಡ್ಪಿಗೆ ಇಳಿದಳು. ಕುಟುಂಬದವರೆಲ್ಲ ಬಂದಿದ್ದರು. ಚಾವಡಿಯ ಕುರ್ಚಿಯಲ್ಲಿ ವಕೀಲರು ಕೂತಿದ್ದರು, ಕೈಯಲ್ಲಿ ಎಳನೀರಿನ ಬೊಂಡ. ತಂಬಿಲ ಮುಗಿಯಿತು. ದೈವದ ಕೋಣೆಯ ಬಾಗಿಲಲ್ಲಿ ನಿಂತು ತಂಬಿಲ ನಡೆಸಿದವರು ಪಡ್ಪಿನ ಸಂತಾನ ಯಾರು ಉಂಟು, ಬನ್ನಿ ಎಂದು ಕರೆದರು. ಸೀತಕ್ಕ ಜನರ ನಡುವಿನಿಂದ ಮುಂದೆ ಬಂದು ಎರಡು ಕೈ ನೀಡಿ ಗಂಧ, ಅಡಿಕೆ ಹಿಂಗಾರದ ಎಸಳು ಇದ್ದ ಎಲೆಚೂರು ತೆಗೆದುಕೊಂಡಳು. ಅವಳ ಹಿಂದೆ ಸತ್ಯವತಿ. ಆಮೇಲೆ ಬೋಜಪ್ಪ.

ಚಾವಡಿಯಲ್ಲಿ ಎಲೆ ಹಾಕಿದರು. ಬೋಜಪ್ಪ ವಕೀಲರನ್ನು ಕೂರಿಸಿ, ಅವರ ಎದುರು ಸಾಲಿನ ಮೊದಲ ಎಲೆ ತೋರಿಸಿ, ಎಲ್ಲರಿಗೂ ಕೇಳುವ ಹಾಗೆ ಕರೆದ.

"ಬಾ ಸೀತು, ಕೂರು. ನಿನ್ನ ಎಲೆ."

"ನನ್ನ ಊಟ ಮನೆಯಲ್ಲಿ ಉಂಟು ಅಣ್ಣ."

"ಇದು ಮನೆ ಅಲ್ಲವಾ?"

"ಮನೆ ಹೌದು. ಒಲೆ ನನ್ನದಲ್ಲ."

ಬಡಿಸುವವರು ಅನ್ನದ ಪಾತ್ರೆ ಹಿಡಿದು ನಿಂತೇ ಬಿಟ್ಟರು. ಬೋಜಪ್ಪನ ಸ್ವರ ಮೆತ್ತಗಾಯಿತು, ಅಷ್ಟೇ ಅಪಾಯದ್ದೂ ಆಯಿತು. ದೈವಕ್ಕೆ ಇಟ್ಟ ದಿನ ಉಣ್ಣದೆ ಹೋಗುವುದು ಒಳ್ಳೆಯದಲ್ಲ ಎಂದ. ವಕೀಲರ ಕಡೆ ತಿರುಗಿ, ಹೆಂಗಸಿನ ಹಟ ಇದು, ನನ್ನ ಸೊಸೆಯ ಓದಿಗೆ ನಾನು ಕೊಡದೆ ಮತ್ತೆ ಯಾರು ಕೊಡುವವರು ಎಂದ. ತಂಗಿಯ ಮಗಳನ್ನು ಅವನು ಸೊಸೆ ಎಂದು ಎಲ್ಲರ ಮುಂದೆ ಕರೆದದ್ದು ಆ ವರ್ಷದಲ್ಲಿ ಅದೇ ಮೊದಲು.

"ಕೊಡು ಹಾಗಾದರೆ," ಎಂದಳು ಸೀತಕ್ಕ. "ಈಗಲೇ. ವಕೀಲರೂ ಇದ್ದಾರೆ, ದೈವವೂ ಕೇಳ್ತಾ ಉಂಟು. ವರ್ಷಕ್ಕೆ ನಾನೂರು ಅಂತ ಒಂದು ಮಾತು ಹೇಳು. ಹೇಳಿದರೆ ನಾನು ಈ ಎಲೆಯಲ್ಲಿ ಕೂತು ಉಂಡು, ನಾಳೆ ಆ ಒಲೆ ಒಡೆದು ಹಾಕ್ತೇನೆ."

ದೈವದ ಕೋಣೆಯ ಬಾಗಿಲು ಇನ್ನೂ ತೆರೆದೇ ಇತ್ತು. ಅದರ ಮುಂದೆ ಹೇಳಿದ ಮಾತನ್ನು ಪಡ್ಪಿನವರು ಯಾರೂ ತಪ್ಪಿದ್ದಿಲ್ಲ. ಬೋಜಪ್ಪನಿಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವನು ಬಡಿಸುವವರಿಗೆ ಅನ್ನ ಹಾಕಿ ಎಂದು ಕೈ ತೋರಿಸಿದ.

"ಮೊದಲು ಊಟ ಆಗಲಿ. ಆಮೇಲೆ ಮಾತಾಡುವ."

ಸೀತಕ್ಕ ಕಾದಳು. ಸತ್ಯವತಿ ತಾಯಿಯ ಸೆರಗು ಹಿಡಿದಳು. ಹದಿನೇಳು ವರ್ಷದ ಹುಡುಗಿ, ಕಣ್ಣು ತುಂಬಿತ್ತು. ಇಷ್ಟಾಯಿತಲ್ಲ ಅಮ್ಮ, ಸಾಕು, ಕೂತು ಉಣ್ಣುವ ಎಂದು ಮೆಲ್ಲಗೆ ಹೇಳಿದಳಂತೆ. ಸೀತಕ್ಕ ಅವಳ ಕೈ ಬಿಡಿಸಲಿಲ್ಲ, ಮಾತು ಬದಲಿಸಲೂ ಇಲ್ಲ.

ವಕೀಲರು ತಮ್ಮ ಎಲೆಯ ಮುಂದಿನಿಂದಲೇ ಕೇಳಿದರು: "ನಿಮ್ಮಲ್ಲಿ ಇವತ್ತು ಎಂತ ಅಡಿಗೆ ಸೀತಕ್ಕ?"

"ನುಚ್ಚಿನ ಗಂಜಿ. ಹುರುಳಿ ಚಟ್ನಿ. ಒಲೆ ಇನ್ನೂ ಬಿಸಿ ಇದ್ದೀತು. ಹೋಗುವಾಗ ಮುಟ್ಟಿ ನೋಡಿ."

"ಉಣ್ಣದೆ ಈ ಮೆಟ್ಟಿಲು ಇಳಿದರೆ ಮತ್ತೆ ಹತ್ತುದು ಬೇಡ," ಎಂದ ಬೋಜಪ್ಪ.

"ಹತ್ತುದಿಲ್ಲ. ಆದರೆ ಬಿಟ್ಟುಕೊಟ್ಟೆ ಅಂತ ತಿಳೀಬೇಡ ಅಣ್ಣ. ಈ ಮನೆಯ ಸಂತಾನ ನಾನು. ನೀನು ಯಜಮಾನ. ಎರಡೂ ಒಂದೇ ಅಲ್ಲ. ಮುಂದಿನ ತಂಬಿಲಕ್ಕೆ ನನ್ನ ಜಾಗದಲ್ಲಿ ಸತ್ಯ ಬರ್ತಾಳೆ. ಪ್ರಸಾದ ಅವಳಿಗೆ ಮೊದಲು."

ಹಾಗೆಯೇ ಆಯಿತು. ಸತ್ಯವತಿ ಕಾಲೇಜು ಮುಗಿಸಿ ನರಿಮೊಗರಿನ ಶಾಲೆಯಲ್ಲಿ ಲೆಕ್ಕದ ಟೀಚರಾದ ಮೇಲೂ ವರ್ಷಕ್ಕೊಮ್ಮೆ ಬಂದು ಮೊದಲ ಪ್ರಸಾದ ತೆಗೆದುಕೊಂಡು ಹೋಗುತ್ತಿದ್ದಳು. ಸೀತಕ್ಕ ಮಗಳ ಮನೆಗೆ ಹೋದರೆ ನಾಲ್ಕು ದಿನ ಇದ್ದು, ಗುಡ್ಡೆಯಲ್ಲಿ ಕೆಲಸ ಉಂಟು ಎಂದು ವಾಪಸು ಬರುತ್ತಿದ್ದಳು. ಆದರೆ ಇದೆಲ್ಲ ಮುಂದಿನದು. ಹಣ ಮಂಜೂರಾಗಿದೆ ಎಂಬ ಫಂಡಿನ ಕಾಗದ ಬಂದದ್ದು ಜೂನಿನಲ್ಲಿ. ಆ ಮಧ್ಯಾಹ್ನ ಚಾವಡಿಯಲ್ಲಿ ನಿಂತಾಗ ವಕೀಲರು ಏನು ಬರೆದಾರು ಎಂದು ಅವಳಿಗೆ ಗೊತ್ತಿರಲಿಲ್ಲ. ಅವರ ಮುಖ ನೋಡಿ ಊಹಿಸಲೂ ಅವಳು ನಿಲ್ಲಲಿಲ್ಲ.

ಹಿಂಬದಿಯ ಬಾಗಿಲಿನಿಂದ ಹೋದರೆ ಗುಡ್ಡೆಗೆ ಹತ್ತಿರ. ಅತ್ತಿಗೆ ಕಣ್ಣಿನಲ್ಲೇ ಆ ಕಡೆ ತೋರಿಸಿದಳು. ಸೀತಕ್ಕ ಎಲೆಗಳ ಎರಡು ಸಾಲಿನ ನಡುವೆ ನಡೆದು ಚಾವಡಿಯ ಎದುರು ಬಾಗಿಲಿಗೆ ಬಂದಳು. ಪ್ರಸಾದದ ಎಲೆಚೂರನ್ನು ಎಡಗೈಗೆ ಬದಲಿಸಿ, ಬಲಗೈಯಲ್ಲಿ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಐದು ಮೆಟ್ಟಿಲು ಇಳಿದು, ಬಿಸಿಲಿಗೆ ಕಾದ ಅಂಗಳದಲ್ಲಿ ಬರಿಗಾಲಿನಲ್ಲಿ, ಓಡದೆ, ಮಗಳನ್ನು ಮುಂದೆ ಬಿಟ್ಟುಕೊಂಡು ನಡೆದು ಹೋದಳು.